ಕಾಂಕ್ರೀಟ್ ಒಡೆದು ಅಂಗಳ ಮಾಡಿದ್ದು: ದುರ್ಗದ ಒಂದು ಮನೆಯ ಕೆಲಸದ ಕಥೆ

ನಮ್ಮದು ಚಿತ್ರದುರ್ಗದಲ್ಲಿ 40×60 ಸೈಟಿನ ಮನೆ. ಪಶ್ಚಿಮಕ್ಕೆ ಬಾಗಿಲು. ಮುಂದೆ 14 ಅಡಿ ಜಾಗ, ಉತ್ತರಕ್ಕೆ 7 ಅಡಿ, ದಕ್ಷಿಣಕ್ಕೆ 4 ಅಡಿ, ಹಿಂದೆ ಬಟ್ಟೆ ಒಗೆಯುವಷ್ಟು. ಮನೆ ಕಟ್ಟಿಸಿದಾಗ ಅಪ್ಪ ಇಷ್ಟಕ್ಕೂ 3 ಇಂಚು ಕಾಂಕ್ರೀಟ್ ಬಡಿಸಿದ್ದರು. ಆಗಿನ ಕಾಲಕ್ಕೆ ಅದು ಸರಿಯೇ ಇತ್ತು. ಬೀದಿಗೆ ಡಾಂಬರು ಬಂದಿರಲಿಲ್ಲ, ಸುತ್ತ ಖಾಲಿ ಸೈಟು, ಪಾರ್ಥೇನಿಯಂ ಗಿಡ, ಹಾವು, ಚೇಳು. ಗುಡಿಸಿದರೆ ಸಾಕು, ಅಂಗಳ ಸ್ವಚ್ಛ.

ಈಗ ಸುತ್ತ ಮನೆಗಳು ಎದ್ದಿವೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಬಿಸಿಲು ನೇರ ಮುಂದಿನ ಗೋಡೆಗೆ ಹೊಡೆಯುತ್ತದೆ. ಕಾಂಕ್ರೀಟ್ ಆ ಬಿಸಿಯನ್ನು ಹೀರಿಕೊಂಡು ರಾತ್ರಿ ಊಟದ ಹೊತ್ತಿಗೂ ಬಿಡುತ್ತಿರುತ್ತದೆ. ಕಿಟಕಿ ತೆಗೆದರೆ ಒಳಗೆ ಬರುವುದು ಬಿಸಿಗಾಳಿ. ಮಳೆ ಬಂದರೆ ಇನ್ನೊಂದು ತಂಟೆ. ನೀರು ಬೀದಿಗೆ ಹೋಗುವ ಬದಲು ಹಾಲ್‌ನ ಮೂಲೆಗೆ ಬಂದು ನಿಲ್ಲುತ್ತಿತ್ತು. ಒಳಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಉಪ್ಪು ಹೂತು ಬಣ್ಣ ಉದುರುತ್ತಿತ್ತು. ಪೇಂಟ್ ಅಂಗಡಿಯವರು ಹೇಳಿದ ವಾಟರ್‌ಪ್ರೂಫ್ ಎಲ್ಲ ಹಚ್ಚಿ ಆಯಿತು. ಹೊರಗಿನ ನೀರು ಹೊರಗೇ ಇರದಿದ್ದರೆ ಒಳಗೆ ಏನು ಹಚ್ಚಿದರೂ ಅಷ್ಟೇ.

ಹಾಗಾಗಿ ಇದು ಹೂತೋಟದ ಆಸೆಯಿಂದ ಶುರುವಾದ ಕೆಲಸ ಅಲ್ಲ. ಗೋಡೆ ಒಣಗಿಸಲು ಹೊರಟಿದ್ದು ಅಂಗಳವಾಗಿ ಮುಗಿಯಿತು. ಖರ್ಚಿನಲ್ಲಿ ಮುಕ್ಕಾಲು ಪಾಲು ಈಗ ಕಣ್ಣಿಗೆ ಕಾಣುವುದೇ ಇಲ್ಲ, ಎಲ್ಲ ನೆಲದೊಳಗಿದೆ. ಮನೆಗೆ ಬೆಲೆ ತಂದದ್ದೂ ಅದೇ ಅಂತ ನನ್ನ ಲೆಕ್ಕ. ಅದಕ್ಕೇ ಗಿಡಗಳ ವಿಷಯ ಆಮೇಲೆ.

ಒಡೆಯುವ ಮೊದಲು

ಗಾರೆ ಕೆಲಸದವರ ಹತ್ತಿರ ಒಂದು ಉಪಕರಣ ಇರುತ್ತದೆ, ಅದಕ್ಕಿಂತ ನಂಬಿಕಸ್ಥವಾದದ್ದನ್ನು ನಾನು ನೋಡಿಲ್ಲ. ಮೂವತ್ತು ಅಡಿಯ ಪಾರದರ್ಶಕ ಪೈಪು, ಒಳಗೆ ನೀರು. ಅಷ್ಟೇ. ಪೈಪಿನಲ್ಲಿ ಒಂದೂ ಗುಳ್ಳೆ ಇರಬಾರದು, ಇದ್ದರೆ ಅಳತೆ ಸುಳ್ಳಾಗುತ್ತದೆ. ನಮ್ಮ ಮೇಸ್ತ್ರಿ ಪೈಪನ್ನು ಬೆರಳಿನಿಂದ ತಟ್ಟುತ್ತಾ ಗುಳ್ಳೆಗಳನ್ನು ಒಂದೊಂದಾಗಿ ಮೇಲೆ ಓಡಿಸಿದರು. ಒಂದು ತುದಿಯನ್ನು ಹೊಸ್ತಿಲ ಹತ್ತಿರ ಗೋಡೆಗೆ ಹಿಡಿದರು, ಇನ್ನೊಂದನ್ನು ನಾನು ಗೇಟಿನ ಹತ್ತಿರ ಹಿಡಿದೆ. ನೀರು ಮೇಲೆ ಕೆಳಗೆ ಆಡಿ ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗೀಟು. ಆಮೇಲೆ ಗೀಟಿನಿಂದ ನೆಲಕ್ಕೆ ಟೇಪು ಹಿಡಿದೆವು. ಗೇಟಿನ ಹತ್ತಿರದ ನೆಲ ಹಾಲ್‌ನ ಮೂಲೆಗಿಂತ ಒಂದೂವರೆ ಇಂಚು ಎತ್ತರ ಇತ್ತು! ಇಷ್ಟು ವರ್ಷ ಮಳೆನೀರನ್ನು ನಾವೇ ಮನೆಗೆ ಕರೆದುಕೊಂಡು ಬರುತ್ತಿದ್ದೆವು.

ಇನ್ನೊಂದು ಕೆಲಸ ಸೀಮೆಸುಣ್ಣದ್ದು. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಒಂದಕ್ಕೆ, ನಾಲ್ಕಕ್ಕೆ ನೆರಳಿನ ಅಂಚಿಗೆ ಗೆರೆ ಎಳೆದೆ. ಯಾವ ಗಿಡ ಎಲ್ಲಿ ಅನ್ನುವ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಮುಂದಿನ ಭಾಗಕ್ಕೆ ಹನ್ನೆರಡರವರೆಗೆ ಮನೆಯದೇ ನೆರಳು. ಆಮೇಲೆ ಮುಳುಗುವವರೆಗೂ ಬರೀ ಬಿಸಿಲು.

ನೆಲದಡಿ ಏನೇನಿದೆ ಅನ್ನುವುದನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ನಲ್ಲಿಯ ಪೈಪು, ಯುಜಿಡಿ (ಒಳಚರಂಡಿ) ಚೇಂಬರ್, ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪಿಗೆ ಹೋಗುವ ಲೈನು, ಮುಖ್ಯವಾಗಿ ಅರ್ತಿಂಗ್ ಗುಂಡಿ. ಅರ್ತಿಂಗ್ ಗುಂಡಿಗೆ ಉಪ್ಪು, ಇದ್ದಿಲು ತುಂಬಿರುತ್ತಾರೆ. ಅದರ ಪಕ್ಕ ಏನು ನೆಟ್ಟರೂ ಎಲೆ ಸುಟ್ಟು ಹೋಗುತ್ತದೆ. ಆ ಜಾಗಕ್ಕೆ ಜಲ್ಲಿ ಹಾಕಿ, ಮುಚ್ಚಳ ಕಾಣುವಂತೆ ಬಿಟ್ಟುಬಿಡುವುದೇ ಸರಿ.

ಒಡೆದಾಗ ಸಿಕ್ಕಿದ್ದು

ಬ್ರೇಕರ್ ಮಷಿನ್ ಬಾಡಿಗೆಗೆ ಸಿಗುತ್ತದೆ. 3 ಇಂಚಿನ ಹಳೆ ಕಾಂಕ್ರೀಟ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ತಲೆನೋವು ಅಂದರೆ ಒಡೆದ ಚೂರುಗಳು. ಟ್ರ್ಯಾಕ್ಟರಿಗೆ ತುಂಬಿ ಊರಾಚೆ ಸುರಿಯುವುದಕ್ಕೂ ದುಡ್ಡು ಕೊಡಬೇಕು. ನಾವು ಒಂದು ಬಾಂಡ್ಲಿಯನ್ನೂ ಹೊರಗೆ ಕಳಿಸಲಿಲ್ಲ. ಕಾರಿನ ದಾರಿಯ ಅಡಿಗೆ, ಇಂಗುಗುಂಡಿಯ ತಳಕ್ಕೆ ಅದೇ ಆಯಿತು.

ಕಾಂಕ್ರೀಟಿನ ಕೆಳಗೆ ಮಣ್ಣು ಇರುತ್ತದೆ ಅಂದುಕೊಳ್ಳಬೇಡಿ. ಮನೆ ಕಟ್ಟಿದಾಗಿನ ಎಲ್ಲ ಕಸ ಅಲ್ಲೇ ಇರುತ್ತದೆ. ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಚೀಲ, ಟೈಲ್ಸ್ ತುಂಡು, ಬಣ್ಣದ ಡಬ್ಬದ ಮುಚ್ಚಳ. ಅದರ ಕೆಳಗೆ ಗರಸು. ಒಂದಡಿ ಅಗೆದು ಈ ಕಸ ಆರಿಸಿದ್ದೇ ಇಡೀ ಕೆಲಸದಲ್ಲಿ ಬೇಸರದ ಭಾಗ. ಸಿಮೆಂಟ್ ಪುಡಿ ಸೇರಿದ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಅಲ್ಲಿ ಮಲ್ಲಿಗೆ, ನಿಂಬೆ ನೆಟ್ಟರೆ ನರ ಮಾತ್ರ ಹಸಿರು, ಎಲೆ ಹಳದಿ. ಗೊಬ್ಬರ ಸಾಲದು ಅಂತ ಜನ ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ರೋಗ ಇರುವುದು ಕೆಳಗೆ.

ಮರದ ಗುಂಡಿಗೆ ನೈಋತ್ಯ ಮೂಲೆ ಅಂತ ಗುರುತು ಹಾಕಿದ್ದೆವು. ಒಂದೂವರೆ ಅಡಿ ಹೋಗುವಷ್ಟರಲ್ಲಿ ಹಾರೆ ಟಣ್ ಅಂತು. ಪಕ್ಕಕ್ಕೆ ಹಾಕಿದರೂ ಟಣ್. ಇನ್ನೂ ಪಕ್ಕಕ್ಕೆ, ಅಲ್ಲೂ ಟಣ್. ಸಲಿಕೆಯಲ್ಲಿ ಮಣ್ಣು ಕೆರೆದು ನೋಡಿದರೆ ಬೂದು ಬಣ್ಣದ ಹಾಸುಬಂಡೆ, ಮೇಲೆ ಆನೆಯ ಬೆನ್ನಿನ ಹಾಗೆ ನುಣುಪು. ದುರ್ಗದಲ್ಲಿ ಪಾಯ ತೆಗೆಸಿದವರಿಗೆ ಇದು ಹೊಸದಲ್ಲ. ಬ್ರೇಕರ್ ಹಿಡಿದ ಹುಡುಗನಿಗೆ ಉತ್ಸಾಹ ಬಂತು, ಸೀಳಿಬಿಡೋಣ ಅಂದ. ಮೇಸ್ತ್ರಿ ಅವನ ಕೈ ಹಿಡಿದರು. "ಸಾರ್, ಇದನ್ನ ಒಡೆಯಕ್ಕೆ ಹೋಗ್ಬೇಡಿ. ಮೇಲೆ ಇಷ್ಟು ಕಾಣ್ತದೆ, ಒಳಗೆ ಓಣಿ ಅಷ್ಟಗಲ ಇರ್ತದೆ. ಇದರ ಮೇಲೇ ನಿಮ್ಮ ಮನೆ ಕೂತಿರಬಹುದು."

ಒಡೆಯಲಿಲ್ಲ. ಬದಲಿಗೆ ಸುತ್ತಲಿನ ಮಣ್ಣು ತೆಗೆದು, ತೊಳೆದು, ಹೊರಗೆ ಕಾಣುವಂತೆ ಬಿಟ್ಟೆವು. ಸುಮಾರು 6 ಅಡಿ ಉದ್ದ, ಮೂವರು ಕೂರಬಹುದು. ಬೆಂಗಳೂರಲ್ಲಿ ದುಡ್ಡು ಕೊಟ್ಟು, ಕ್ರೇನ್ ತರಿಸಿ ಮನೆ ಮುಂದೆ ಬಂಡೆ ಇಡಿಸಿಕೊಳ್ಳುವವರಿದ್ದಾರೆ. ನಮಗೆ ಅದು ಪುಕ್ಕಟೆ ಬಂತು, ಅಲ್ವಾ? ಬಂಡೆಯ ಸಂದಿಗೆ ಲೋಳೆಸರ, ಮಂಗರವಳ್ಳಿ ಸಿಕ್ಕಿಸಿದೆವು. ಕಲ್ಲುಬಂಡೆ ಇವಕ್ಕೆ ತವರುಮನೆ. ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ.

ಮರದ ಜಾಗ ಮಾತ್ರ ಬದಲಾಯಿತು. ಬೇರೆ ಕಡೆ ಎರಡಡಿ ಆಳಕ್ಕೆ ಅಗೆದು ನೀರಿನ ಪರೀಕ್ಷೆ ಮಾಡಿದೆವು. ಗುಂಡಿ ತುಂಬ ನೀರು ಸುರಿದು ಇಂಗಲು ಬಿಡಬೇಕು. ಮತ್ತೆ ತುಂಬಿಸಿ, ಆಮೇಲೆ ಗಂಟೆಗೆ ಎಷ್ಟು ಇಳಿಯುತ್ತದೆ ನೋಡಬೇಕು. ಮೊದಲನೆಯ ಸಲದ ಲೆಕ್ಕ ಹಿಡಿಯಬಾರದು, ಒಣ ಮಣ್ಣು ಹೇಗೂ ಕುಡಿಯುತ್ತದೆ. ಗಂಟೆಗೆ ಒಂದು ಇಂಚಾದರೂ ಇಳಿದರೆ ಮರಕ್ಕೆ ಆಗುತ್ತದೆ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ಬೇರು ಕೊಳೆಯುತ್ತದೆ. ಹಾಲ್ ಕಿಟಕಿಯ ನೇರಕ್ಕೆ ಗರಸು ಸಡಿಲ ಇತ್ತು, ನೀರು ಚೆನ್ನಾಗಿ ಇಳಿಯಿತು. ಮರ ಅಲ್ಲಿಗೆ ಬಂತು. ಬಂಡೆ ದಾರಿ ತೋರಿಸಿದ ಹಾಗಾಯಿತು, ಯಾಕೆಂದರೆ ನಾಲ್ಕು ಗಂಟೆಯ ಬಿಸಿಲು ಹೊಡೆಯುವುದೂ ಅದೇ ಕಿಟಕಿಗೆ.

ಇಳಿಜಾರು ಮತ್ತು ನೀರು

ಗೋಡೆಯಿಂದ ಹೊರಗೆ 4 ಅಡಿಗೆ 1 ಇಂಚಿನಂತೆ ಇಳಿಜಾರು ಕೊಟ್ಟೆವು. ನೋಡಿದರೆ ನೆಲ ಸಮತಟ್ಟಾಗಿಯೇ ಕಾಣುತ್ತದೆ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಪ್ಲಿಂತ್ (ಮನೆಯೊಳಗಿನ ನೆಲದ) ಮಟ್ಟಕ್ಕಿಂತ ಮಣ್ಣು ಕನಿಷ್ಠ 6 ಇಂಚು ಕೆಳಗಿರಬೇಕು. ಗೋಡೆಗೆ ಒರಗಿಸಿ ಹೂವಿನ ಪಾತಿ ಮಾಡುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಪಾತಿಗೆ ಹಾಕಿದ ನೀರು ಗೋಡೆ ಕುಡಿಯುತ್ತದೆ. ಗೆದ್ದಲಿಗಂತೂ ಬಾಗಿಲ ಚೌಕಟ್ಟಿನವರೆಗೆ ಹೆದ್ದಾರಿ ಮಾಡಿಕೊಟ್ಟ ಹಾಗೆ. ನಾವು ಗೋಡೆಯ ಉದ್ದಕ್ಕೂ ಒಂದೂವರೆ ಅಡಿ ಅಗಲಕ್ಕೆ 20 ಎಂಎಂ ಜಲ್ಲಿ ಪಟ್ಟಿ ಬಿಟ್ಟೆವು. ಅದರಲ್ಲಿ ಒಂದು ಗಿಡವೂ ಇಲ್ಲ. ಹೊರಗಡೆಯಿಂದ ಗೆದ್ದಲು ಹತ್ತಿದರೆ ಅದರ ಮಣ್ಣಿನ ಗೆರೆ ಗೋಡೆ ಮೇಲೆ ತಕ್ಷಣ ಕಾಣುತ್ತದೆ.

ಈಗ ಮಳೆನೀರು. ದುರ್ಗದಲ್ಲಿ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು. ಕಡಿಮೆ ಅನಿಸುತ್ತದೆ. ಆದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ಅಂತ ಲೆಕ್ಕ. ನಮ್ಮ ತಾರಸಿ ಹೆಚ್ಚು ಕಡಿಮೆ 100 ಚದರ ಮೀಟರ್. ಅಂದರೆ ವರ್ಷಕ್ಕೆ 60,000 ಲೀಟರ್. ಆವಿ, ಮೊದಲ ಮಳೆಯ ಕೊಳೆನೀರು ಅಂತ ಐದರಲ್ಲಿ ಒಂದು ಪಾಲು ಬಿಟ್ಟರೂ 48,000. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂಬತ್ತಕ್ಕೂ ಜಾಸ್ತಿ. ಇಷ್ಟನ್ನೂ ಚರಂಡಿಗೆ ಬಿಟ್ಟು ಮಾರ್ಚಿನಲ್ಲಿ ಟ್ಯಾಂಕರಿಗೆ ಫೋನ್ ಮಾಡುತ್ತಿದ್ದೆವು.

ಈ ಊರಿಗೆ ಇದು ಹೊಸ ವಿದ್ಯೆ ಏನಲ್ಲ. ಕೋಟೆಗೆ ಹೋದವರೆಲ್ಲ ನೋಡಿರುತ್ತೀರಿ. ಮೇಲಿನ ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡದಿಂದ ಹಿಡಿದು ಕೆಳಗೆ ಪೇಟೆಯ ಸಂತೆ ಹೊಂಡದವರೆಗೆ, ಮೇಲಿನದು ತುಂಬಿದರೆ ಕೆಳಗಿನದಕ್ಕೆ ನೀರು ಇಳಿಯುವ ಏರ್ಪಾಟು. ನಾವು ಮಾಡಿದ್ದೂ ಅದನ್ನೇ, ಪಿವಿಸಿ ಪೈಪಿನಲ್ಲಿ. ತಾರಸಿಯ ಪೈಪು ಮೊದಲು ಫಿಲ್ಟರ್ ಡ್ರಮ್ಮಿಗೆ, ಅಲ್ಲಿಂದ ಸಂಪಿಗೆ. ಸಂಪು ತುಂಬಿದರೆ ಹೆಚ್ಚಿನ ನೀರು ಮುಂದಿನ ಇಂಗುಗುಂಡಿಗೆ. ಅದೂ ತುಂಬಿದರೆ ಮಾತ್ರ ಬೀದಿಯ ಚರಂಡಿಗೆ. ಪೈಪಿನ ಬುಡದಲ್ಲಿ ಒಂದು ಗೇಟ್‌ವಾಲ್ವ್ ಇದೆ. ಬೇಸಿಗೆ ಕಳೆದ ಮೇಲಿನ ಮೊದಲ ಎರಡು ಮಳೆಗೆ ಅದನ್ನು ತೆರೆದಿಡುತ್ತೇವೆ. ಪಾರಿವಾಳದ ಹಿಕ್ಕೆ, ಧೂಳು ಎಲ್ಲ ಹೊರಗೆ ಹೋಗುತ್ತದೆ.

ಇಂಗುಗುಂಡಿಗೆ 3 ಅಡಿ ಅಗಲದ ಸಿಮೆಂಟ್ ರಿಂಗು, 6 ಅಡಿ ಆಳ, ತಳಕ್ಕೆ ಕಾಂಕ್ರೀಟ್ ಇಲ್ಲ. ಕೆಳಗೆ ಒಡೆದ ಚೂರು, ಮೇಲೆ ದಪ್ಪ ಜಲ್ಲಿ. ಮನೆಯ ಪಾಯದಿಂದ 10 ಅಡಿ ದೂರ. ಇದಕ್ಕಿಂತ ಹತ್ತಿರ ತೋಡಿದರೆ ಯಾವ ತೇವ ಓಡಿಸಲು ಹೊರಟೆವೋ ಅದನ್ನೇ ಮತ್ತೆ ಕರೆದಂತೆ. ಮುಚ್ಚಳ ಗಟ್ಟಿ ಇರಲಿ, ಮಕ್ಕಳ ಓಡಾಟ ಇರುತ್ತದೆ.

ಕಟ್ಟೆ, ದಾರಿ, ಮಣ್ಣು

ನಾನು ಕಾಗದದ ಮೇಲೆ ಗೇಟಿನಿಂದ ಬಾಗಿಲಿಗೆ ನೇರ ದಾರಿ ಎಳೆದಿದ್ದೆ. ಅದು ತುಳಸಿಕಟ್ಟೆಯ ಮೇಲೇ ಹಾದು ಹೋಗುತ್ತಿತ್ತು. ಕಟ್ಟೆಯನ್ನು ಮೂರಡಿ ಸರಿಸೋಣ ಅಂದೆ. ಅಮ್ಮ ಒಂದೇ ಮಾತು ಹೇಳಿದರು: "ಕಟ್ಟೆ ಮುಟ್ಟಬೇಡ ಕಣೋ. ಬೇಕಾದ್ರೆ ನಿನ್ನ ದಾರಿ ಸೊಟ್ಟ ಮಾಡ್ಕೋ." ದಾರಿ ಸೊಟ್ಟ ಆಯಿತು. ಈಗ ಗೇಟು ತೆಗೆದ ತಕ್ಷಣ ಬಾಗಿಲು ಕಾಣುವುದಿಲ್ಲ, ಕಟ್ಟೆಯನ್ನು ಬಳಸಿ ಬರಬೇಕು. 14 ಅಡಿಯ ಅಂಗಳ ಅದರಿಂದಲೇ ದೊಡ್ಡದಾಗಿ ಕಾಣುತ್ತದೆ ಅಂತ ಬಂದವರೆಲ್ಲ ಹೇಳುತ್ತಾರೆ. ಅಮ್ಮ ಸುಮ್ನೆ ನನ್ನ ಮುಖ ನೋಡುತ್ತಾರೆ.

ಕಾರು ನಿಲ್ಲುವ ಕಡೆ ಪೂರ್ತಿ ಕಲ್ಲು ಹಾಸಲಿಲ್ಲ. ಎರಡು ಚಕ್ರ ಓಡುವ ಕಡೆ 2 ಅಡಿ ಅಗಲದ ಎರಡು ಪಟ್ಟಿ ಮಾತ್ರ. ನಡುವೆ ಜಲ್ಲಿ. ಅಡಿಗೆ ಒಡೆದ ಕಾಂಕ್ರೀಟು ಮತ್ತು ಗರಸನ್ನು 5 ಇಂಚು ತುಂಬಿ, ನೀರು ಹೊಡೆದು, ದಿಮ್ಮಸು ಹಾಕಿ ಗಟ್ಟಿ ಮಾಡಿದೆವು. ಅದರ ಮೇಲೆ ಒಂದಿಂಚು ಎಂ-ಸ್ಯಾಂಡ್, ಮೇಲೆ ಗ್ರಾನೈಟ್ ಚಪ್ಪಡಿ. ಸಿಮೆಂಟ್ ಹಾಕಲಿಲ್ಲ. ನಾಳೆ ಪೈಪು ರಿಪೇರಿ ಬಂದರೆ ಚಪ್ಪಡಿ ಎತ್ತಿಟ್ಟು ಮತ್ತೆ ಕೂರಿಸಬಹುದು. ಈಗ ಎಲ್ಲೆಲ್ಲೂ ಇಂಟರ್‌ಲಾಕ್ ಟೈಲ್ಸ್ ಹಾಕುತ್ತಾರೆ. ಕೆಲಸ ಬೇಗ ಆಗುತ್ತದೆ, ನಿಜ. ಆದರೆ ಅಂಗಳ ಪೂರ್ತಿ ಹಾಸಿದರೆ ಬಿಸಿಲಿಗೆ ಅದೂ ಕಾಂಕ್ರೀಟಿನ ತಮ್ಮನೇ.

ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೆ ಕೊಟ್ಟಿಗೆ ಗೊಬ್ಬರ, ಮೇಲಿಷ್ಟು ಬೇವಿನ ಹಿಂಡಿ. ಗೊಬ್ಬರ ಕೈಗೆತ್ತಿಕೊಂಡರೆ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಸಗಣಿ ವಾಸನೆ ಇದ್ದರೆ ಇನ್ನೂ ಕಳಿತಿಲ್ಲ ಅಂತ ಅರ್ಥ. ಅದು ಬೇರು ಸುಡುತ್ತದೆ, ಜೊತೆಗೆ ಗೊಣ್ಣೆ ಹುಳು ಬೋನಸ್. ಟ್ರ್ಯಾಕ್ಟರಿನವರು ಕೆರೆ ಗೋಡು ಕೊಡುತ್ತೇವೆ ಅಂದರು. ಗೋಡು ಒಳ್ಳೆಯದೇ, ಆದರೆ ಬರೀ ಅದನ್ನೇ ಹಾಕಿದರೆ ಮಳೆಗೆ ಅಂಟು, ಬಿಸಿಲಿಗೆ ಬಿರುಕು. ದಾವಣಗೆರೆ ಕಡೆ ಎರೆ ನೆಲದಲ್ಲಿ ಮನೆ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಮಣ್ಣು ಉಬ್ಬಿ ಕುಗ್ಗಿ ಕಾಂಪೌಂಡ್ ಗೋಡೆಯನ್ನೇ ಸೀಳುತ್ತದೆ. ಎರೆ ನೆಲ ಆಗಿದ್ದರೆ ಇಂಗುಗುಂಡಿಯೂ ಹೀಗೆ ಕೆಲಸ ಮಾಡುವುದಿಲ್ಲ, ಜಲ್ಲಿ ಪಟ್ಟಿ ಇನ್ನೂ ಅಗಲ ಬೇಕು.

ಗಿಡ

ನರ್ಸರಿಯಿಂದ ಒಬ್ಬರು ಬಂದು ಅಂಗಳ ನೋಡಿ ಪೂರ್ತಿ ಮೆಕ್ಸಿಕನ್ ಹುಲ್ಲು, ಸುತ್ತ ಕಂಬದ ಅಶೋಕ, ನಡುವೆ ಒಂದು ಕಾರಂಜಿ ಅಂದರು. ಫೋಟೋದಲ್ಲಿ ಚೆನ್ನಾಗಿಯೇ ಇತ್ತು. ಹುಲ್ಲಿಗೆ ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ನೀರು ಬೇಕು. 40 ಚದರ ಮೀಟರಿಗೆ 200 ಲೀಟರ್. ಎರಡು ದಿನಕ್ಕೊಮ್ಮೆಯೋ ಮೂರು ದಿನಕ್ಕೊಮ್ಮೆಯೋ ನಲ್ಲಿ ಬರುವ ಊರಿನಲ್ಲಿ ಹುಲ್ಲಿಗೆ 200 ಲೀಟರ್ ಬಿಡುವ ಧೈರ್ಯ ನನಗಿಲ್ಲ. ಕಟ್ಟೆಯ ಸುತ್ತ ಮಾತ್ರ ನಾಲ್ಕು ಹೆಜ್ಜೆ ಜಾಗಕ್ಕೆ ಗರಿಕೆ ಬಿಟ್ಟೆವು. ದುಡ್ಡು ಕೊಟ್ಟು ತರುವ ವಸ್ತುವೇ ಅಲ್ಲ ಅದು. ಗಣೇಶ ಹಬ್ಬಕ್ಕೂ ಆಯಿತು. ಇನ್ನು ಕಂಬದ ಅಶೋಕ. ಬೀದಿಗೆ ಹತ್ತು ಮನೆಯವರು ಸಾಲಾಗಿ ನೆಟ್ಟಿದ್ದಾರೆ. ಒಂದು ನಾಯಿ ಮಲಗುವಷ್ಟೂ ನೆರಳು ಕೊಡುವುದಿಲ್ಲ.

ನೆರಳಿಗೆ ಹೊಂಗೆ ಆರಿಸಿದೆವು. ಹೊಂಗೆ ಎಲೆ ಉದುರಿಸುವುದು ಶಿವರಾತ್ರಿ ಆಸುಪಾಸಿಗೆ. ಯುಗಾದಿ ಹೊತ್ತಿಗೆ ಹೊಸ ಚಿಗುರು ತುಂಬಿ ನಿಂತಿರುತ್ತದೆ. ಅಂದರೆ ಬಿಸಿಲು ಏರುವ ಹೊತ್ತಿಗೆ ಕೊಡೆ ಬಿಚ್ಚುತ್ತದೆ. ತಾಯಿಬೇರು ಆಳಕ್ಕೆ ಇಳಿಯುವ ಮರ, ಬರಕ್ಕೆ ಜಗ್ಗುವುದಿಲ್ಲ. ಗೋಡೆಯಿಂದ 10 ಅಡಿ ಬಿಟ್ಟು ನೆಟ್ಟೆವು. ಮೇಲೆ ಕರೆಂಟಿನ ವೈರ್ ಇಲ್ಲ ಅಂತ ಮೊದಲೇ ತಲೆಯೆತ್ತಿ ನೋಡಿಕೊಂಡಿದ್ದೆವು. ಗೋಣಿ, ಅರಳಿ, ಅತ್ತಿ ಜಾತಿಯ ಯಾವುದೂ ಮನೆ ಹತ್ತಿರ ಬೇಡ, ಅವುಗಳ ಬೇರು ಸಂಪನ್ನೇ ಹುಡುಕಿಕೊಂಡು ಬರುತ್ತದೆ. ಗುಲ್‌ಮೊಹರ್ ಹೂವು ಚಂದ, ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಕೊನೊಕಾರ್ಪಸ್ ಅಂತೂ ಬೇಡವೇ ಬೇಡ. ಬೇಗ ಬೆಳೆದು ಹಸಿರು ಗೋಡೆ ಆಗುತ್ತದೆ ಅಂತ ಮಾರುತ್ತಾರೆ. ಬೇರು ಪೈಪಿಗೆ ನುಗ್ಗುತ್ತದೆ, ಪರಾಗ ಅಲರ್ಜಿ ತರುತ್ತದೆ ಅನ್ನುವ ದೂರಿನ ಮೇಲೆ ಗುಜರಾತ್ ಸರ್ಕಾರ 2023ರಲ್ಲೇ ಅದನ್ನು ನೆಡುವುದನ್ನು ನಿಷೇಧಿಸಿತು.

ದುರ್ಗದವರು ಗಿಡ ನೆಡುವಾಗ ಒಂದು ವಿಷಯ ನೆನಪಿಟ್ಟುಕೊಳ್ಳಬೇಕು. ಜೂನ್ ಬಂತು, ಮಳೆ ಬಂತು, ಇನ್ನು ನೀರಿನ ಚಿಂತೆ ಇಲ್ಲ ಅನ್ನುವುದು ಮಲೆನಾಡಿನ ಮಾತು. ನಮ್ಮಲ್ಲಿ ಆಷಾಢಕ್ಕೆ ಬರುವುದು ಗಾಳಿ. ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮೋಡ ಕವಿದಿರುತ್ತದೆ, ಹನಿ ಉದುರುತ್ತದೆ, ಎರಡಿಂಚು ಕೆಳಗೆ ಮಣ್ಣು ಒಣ. ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ಗೆ. ಹಾಗಾಗಿ ಮುಂಗಾರಿನಲ್ಲಿ ನೆಟ್ಟ ಗಿಡಕ್ಕೂ ಜುಲೈ, ಆಗಸ್ಟ್ ಪೂರ್ತಿ ನೀರು ಕೊಡಬೇಕು. ಕಾಂಡಕ್ಕೆ ಗಳ ಕಟ್ಟುವಾಗ ಗಾಳಿ ಬರುವ ಕಡೆಗೆ, ಅಂದರೆ ನೈಋತ್ಯಕ್ಕೆ ಗಳ ನೆಡಿ. ಹಳೆ ಸೀರೆಯ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸುತ್ತಿ ಸಡಿಲವಾಗಿ ಕಟ್ಟಿ. ಗಿಡ ಸ್ವಲ್ಪ ಅಲುಗಾಡಬೇಕು, ಆಗಲೇ ಕಾಂಡ ಗಟ್ಟಿಯಾಗುವುದು. ತಂತಿ ಕಟ್ಟಿದರೆ ತೊಗಟೆ ಕೊಯ್ಯುತ್ತದೆ.

ಉಳಿದದ್ದೆಲ್ಲ ಮನೆಮಂದಿಯ ಆಯ್ಕೆ. ಅಮ್ಮನಿಗೆ ಕನಕಾಂಬರ, ಕಾಕಡ. ಹೆಂಡತಿಗೆ ಕರಿಬೇವು, ನಿಂಬೆ, ದೊಡ್ಡಪತ್ರೆ. ಉತ್ತರದ 7 ಅಡಿಯಲ್ಲಿ ಗೋಡೆಯ ನೆರಳು ಜಾಸ್ತಿ ಹೊತ್ತು ಇರುತ್ತದೆ, ಅಲ್ಲಿ ಕೆಸುವು, ಬಸಳೆ. ಗೇಟಿನ ಪಕ್ಕ ಪಾರಿಜಾತ. ನುಗ್ಗೆಯನ್ನು ಹಿತ್ತಲಿಗೆ ಕಳಿಸಿದೆವು, ಗಾಳಿಗೆ ಮುರಿದರೆ ಕಾರಿನ ಮೇಲೆ ಬೀಳಬಾರದು ಅಂತ. ಡ್ರಿಪ್‌ಗೆ 16 ಎಂಎಂ ಪೈಪು, ಗಂಟೆಗೆ 4 ಲೀಟರಿನ ಡ್ರಿಪ್ಪರು, ಮೇಲಿನ ಟ್ಯಾಂಕಿನ ನೀರಿನ ಒತ್ತಡವೇ ಸಾಕು. ಫಿಲ್ಟರ್ ಮರೆಯಬೇಡಿ. ನಮ್ಮ ಬೋರ್ ನೀರು ಗಡಸು, ಡ್ರಿಪ್ಪರಿನ ಬಾಯಿಗೆ ಬಿಳಿ ಉಪ್ಪು ಕಟ್ಟುತ್ತದೆ. ಬುಡಕ್ಕೆಲ್ಲ ಒಣ ಎಲೆ ಮುಚ್ಚಿಗೆ ಹಾಕಿದರೆ ಸಾಕಷ್ಟು ನೀರು ಉಳಿಯುತ್ತದೆ. ಲೈಟು ಎರಡೇ ಎರಡು, ಒಂದು ಕಟ್ಟೆಗೆ, ಒಂದು ಬಂಡೆಗೆ.

ಇದಕ್ಕೆಲ್ಲ ಬೆಲೆ ಬರುತ್ತದಾ?

ಮಹಡಿ ಮೇಲೆ ಒಂದು ಬಾಡಿಗೆ ಮನೆ ಕಟ್ಟುವ ಸಾಲಕ್ಕೆ ಬ್ಯಾಂಕಿನ ಕಡೆಯಿಂದ ಮನೆ ಬೆಲೆ ಕಟ್ಟುವ ಎಂಜಿನಿಯರ್ ಬಂದಿದ್ದರು. ಅವರ ನಮೂನೆ ನೋಡಿದೆ. ಮೊದಲು ಜಾಗ, ಆಮೇಲೆ ಕಟ್ಟಡ, ಅದರ ವಯಸ್ಸಿನ ಸವಕಳಿ. ಕೊನೆಗೆ ಇತರೆ ಅಂತ ಒಂದು ಭಾಗ. ಸಂಪು, ಉಗ್ರಾಣದ ಸಾಲಿನ ಜೊತೆಗೆ ಮರ, ಗಾರ್ಡನ್ ಅಂತಲೂ ಒಂದು ಸಾಲು ಇರುತ್ತದೆ. ಅದರ ಮುಂದೆ ಅವರು ಬರೆದ ಮೊತ್ತ ನೋಡಿ ನಗು ಬಂತು. ಕಾಂಪೌಂಡ್, ನೆಲಹಾಸಿಗೆ ಅದಕ್ಕಿಂತ ಜಾಸ್ತಿ ಕೊಟ್ಟಿದ್ದರು. ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರಕ್ಕಂತೂ ನಿಮ್ಮ ಮಲ್ಲಿಗೆ, ಹೊಂಗೆ ಗೊತ್ತೇ ಇಲ್ಲ. ಸೈಟಿನ ಅಳತೆ, ಕಟ್ಟಡದ ಅಳತೆ, ಅಷ್ಟೇ.

ಆದರೆ ಅದೇ ಎಂಜಿನಿಯರ್ ಹಾಲ್‌ನ ಮೂಲೆಯ ಗೋಡೆಗೆ ಅಂಗೈ ಇಟ್ಟು ನೋಡಿದರು. ಒಣಗಿತ್ತು. ಕಟ್ಟಡದ ಸ್ಥಿತಿ ಚೆನ್ನಾಗಿದೆ ಅಂತ ಬರೆದುಕೊಂಡರು. ತೇವ ಇದ್ದಿದ್ದರೆ ಬೇರೆ ಏನೋ ಬರೆಯುತ್ತಿದ್ದರು. ಹೊರಗಿನ ಇಳಿಜಾರು, ಜಲ್ಲಿ ಪಟ್ಟಿ, ಇಂಗುಗುಂಡಿ ಯಾವುದೂ ಅವರ ನಮೂನೆಯಲ್ಲಿ ಇಲ್ಲ. ಬೆಲೆ ಮಾತ್ರ ಅಲ್ಲಿಂದಲೇ ಬಂತು.

ಕೊಳ್ಳುವವರ ಕಣ್ಣು ಇನ್ನೊಂದು ಥರ. ಮನೆ ವ್ಯಾಪಾರ ಮಾಡಿಸುವ ಪರಿಚಯದವರೊಬ್ಬರು ಹೇಳುವ ಪ್ರಕಾರ ನಮ್ಮ ಊರಿನಲ್ಲಿ ಬಂದವರು ಕೇಳುವುದು ಮೂರೇ: ನೀರು ಹೇಗೆ, ಕಾರು ಒಳಗೆ ನಿಲ್ಲುತ್ತದಾ, ವಾಸ್ತು ಸರಿ ಇದೆಯಾ. ತೋಟಕ್ಕೋಸ್ಕರ ಕಾರಿನ ಜಾಗ ಬಿಟ್ಟುಕೊಟ್ಟರೆ ಬೆಲೆ ಇಳಿಯುತ್ತದೆ, ಏರುವುದಿಲ್ಲ. ವಾಸ್ತು ನಾನು ಅಷ್ಟಾಗಿ ನಂಬುವವನಲ್ಲ. ಆದರೆ ಕೊಳ್ಳುವವರು ನಂಬುತ್ತಾರಲ್ಲ! ದೊಡ್ಡ ಮರ ಈಶಾನ್ಯಕ್ಕೆ ಬೇಡ, ನೈಋತ್ಯದ ಕಡೆ ಭಾರ ಇರಲಿ ಅನ್ನುತ್ತಾರೆ. ನೋಡಿದರೆ ಮಧ್ಯಾಹ್ನದ ಬಿಸಿಲು ತಡೆಯಲು ಮರ ಬೇಕಾಗುವುದೂ ಪಶ್ಚಿಮ, ನೈಋತ್ಯದ ಕಡೆಗೇ. ಇಬ್ಬರಿಗೂ ಜಗಳ ಇಲ್ಲ. ಬಂಡೆ ನೈಋತ್ಯದಲ್ಲಿ ಇರುವುದನ್ನು ನೋಡಿ ಒಬ್ಬ ಹಿರಿಯರು "ಎಷ್ಟು ಪುಣ್ಯ ಮಾಡಿದ್ದೀರಪ್ಪಾ" ಅಂದುಹೋದರು.

ದಿನಾ ಮಾಲಿ ಬರಬೇಕಾದ ತೋಟಕ್ಕೆ ಬಾಡಿಗೆದಾರರು ಹೆದರುತ್ತಾರೆ, ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ. ವಾರಕ್ಕೊಂದು ಸಲ ಗುಡಿಸಿ, ವಾಲ್ವ್ ತಿರುಗಿಸಿದರೆ ಮುಗಿಯುವ ಅಂಗಳ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಮಾರುವುದಕ್ಕೆ ನಾವೇನೂ ಹೊರಟಿಲ್ಲ. ಸಂಜೆ ಚಹಾ ಈಗ ಟಿವಿ ಮುಂದೆ ಅಲ್ಲ, ಬಂಡೆ ಮೇಲೆ. ಬೇಸಿಗೆಯಲ್ಲಿ ಮಾತ್ರ ಬಂಡೆ ಏಳೂವರೆವರೆಗೆ ಕಾದ ಹೆಂಚು, ಚಾಪೆ ಹಾಕಿಕೊಂಡೇ ಕೂರಬೇಕು. ಹೊಂಗೆ ಇನ್ನೊಂದಿಷ್ಟು ಹರಡಿದರೆ ಅದೂ ತಪ್ಪುತ್ತದೆ. ಅಮ್ಮ ಹೂ ಕಟ್ಟುವುದೂ ಅಲ್ಲೇ. ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಲು ಅನುಕೂಲ.

ಬಾಕಿ ಇರುವುದು

ದಕ್ಷಿಣದ 4 ಅಡಿ ಓಣಿಯ ಕಾಂಕ್ರೀಟ್ ಇನ್ನೂ ಹಾಗೇ ಇದೆ. ಪಕ್ಕದ ಮನೆಯವರ ತಾರಸಿ ನೀರಿನ ಪೈಪು ಅಲ್ಲಿಗೇ ಬಾಯಿ ತೆಗೆದಿದೆ. ಮೊದಲು ಅವರ ಜೊತೆ ಕೂತು ಮಾತಾಡಬೇಕು, ಆಮೇಲೆ ಬ್ರೇಕರ್. ತಾರಸಿಯ ಹಿಂದಿನ ಅರ್ಧದ ನೀರು ಈಗಲೂ ಹಿತ್ತಲಿಗೆ ಸುಮ್ನೆ ಬೀಳುತ್ತಿದೆ, ಅದನ್ನೂ ಫಿಲ್ಟರಿಗೆ ಸೇರಿಸಬೇಕು. ನಾಲ್ಕಿಂಚಿನ ಪೈಪು, ಎರಡು ಎಲ್ಬೋ, ಒಂದು ಟೀ ತಂದು ಶೆಡ್ಡಿನಲ್ಲಿ ಇಟ್ಟಿದ್ದೇನೆ. ಮೇಸ್ತ್ರಿಗೆ ಹೊಳಲ್ಕೆರೆ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ಕೊಯ್ಲು ಮುಗಿಸಿಕೊಂಡು ಬರ್ತೀನಿ ಸಾರ್, ಅಲ್ಲಿವರೆಗೆ ಆ ಪೈಪನ್ನ ಬಿಸಿಲಿಗೆ ಮಾತ್ರ ಹಾಕ್ಬೇಡಿ, ಬಾಗ್ತದೆ ಅಂದಿದ್ದಾರೆ.